ನಾಡಿ ಎಪ್ಪತ್ತೆರಡು

"ಅಜ್ಜಾರ, ಆಸ್ಪತ್ರ್ಯಾಗ ಇಪ್ಪತ್ತು ವರ್ಷ ದುಡದೆ. ಮನಸ್ಸಿಗೆ ಸಮಾಧಾನ ಅನ್ನೋದ ಸಿಗವಲ್ದು. ಅದು ಎಲ್ಲಿ ಸಿಗತೈತ್ರಿ?" ಎಂದು ನರ್ಸ್ ಚಂಪಾವತಿ ಮಠದ ಅಜ್ಜನವರನ್ನು ಕೇಳಿದಳು. ಎರಡು ಗಂಟೆಗೆ ರೋಗಿಗಳ ನಾಡಿ ನೋಡಿ, ಬರೆದು ಮುಗಿಸಬೇಕಾದ ಪಾಳಿಯಿಂದ ಅವಳು ಒಂದು ಗಂಟೆಗೇ ಎದ್ದು ದರ್ಶನಕ್ಕೆ ಬಂದಿದ್ದಳು. ಅವಳ ಪಾಳಿಯ ಹೊತ್ತು ಅಜ್ಜನವರಿಗೂ ಗೊತ್ತಿತ್ತು.

ಅಜ್ಜನವರು ಗೋಡೆಯ ಗಡಿಯಾರದ ಕಡೆ ನೋಡಿ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನರ್ಸ್ ಇದ್ದಳು. ಅವಳಿಗೂ ಇದೇ ಕೊರಗು. ರೋಗಿಗಳ ನಾಡಿ ಹಿಡಿದು ಎಣಿಸಿ ಬರೆಯುವುದರಲ್ಲೇ ಬೆಳಗು ಕಳೆಯುತ್ತದೆ, ದೇವರಿಗೆ ಹೊತ್ತೆಲ್ಲಿ ಎಂದು ಹಲುಬುತ್ತಿದ್ದಳು. ಕೊನೆಗೆ ಒಂದು ಉಪಾಯ ಹೂಡಿದಳು. ಕುಳಿತಲ್ಲೇ ಎಲ್ಲರ ಹಾಳೆಯಲ್ಲೂ ಎಪ್ಪತ್ತೆರಡು, ಎಪ್ಪತ್ನಾಲ್ಕು ಎಂದು ಬರೆದುಬಿಡುವುದು. ಉಳಿದ ಹೊತ್ತು ಆಸ್ಪತ್ರೆಯ ಧ್ಯಾನದ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂರುವುದು. ಜಾಣೆಯೇ ಸರಿ. ಮುಖಕ್ಕೆ ಕಳೆ ಬಂತು. ಎಂಥ ಶಾಂತ ಸ್ವಭಾವ ಎಂದು ಎಲ್ಲರೂ ಹೊಗಳಿದರು.

ಬಾಗಿಲ ಬಳಿಯ ಮಂಚದಲ್ಲಿ ಒಬ್ಬ ಮುದುಕಿ ಇದ್ದಳು. ನೋಡಲು ಬರುವವರು ಯಾರೂ ಇರಲಿಲ್ಲ. ಯಾರಾದರೂ ಅವಳ ಕೈ ಹಿಡಿಯುತ್ತಿದ್ದರೆ ಅದು ನಾಡಿ ನೋಡುವಾಗ ಮಾತ್ರ. ನರ್ಸ್ ಬರುವ ಹೊತ್ತಿಗೆ ಅವಳು ಕೈ ಚಾಚಿಕೊಂಡೇ ಇರುತ್ತಿದ್ದಳು.

"ಯವ್ವಾ, ಇವತ್ತೂ ನಾಡಿ ನೋಡೂದಿಲ್ಲೇನು?"

"ನಿನ್ನ ನಾಡಿ ಛಲೋ ಐತಿ ಬಿಡಬೇ," ಎಂದು ನರ್ಸ್ ನಗುತ್ತ ಮುಂದೆ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಮುದುಕಿ ಏನೂ ಕೇಳಲಿಲ್ಲ. ಕೈ ಮಾತ್ರ ಚಾಚಿಯೇ ಇತ್ತು. ನಿದ್ದೆ ಹತ್ತಿರಬೇಕೆಂದು ನರ್ಸ್ ಎಪ್ಪತ್ತೆರಡು ಬರೆದು ಧ್ಯಾನಕ್ಕೆ ಹೋದಳು. ಅರ್ಧ ತಾಸಿನಲ್ಲಿ ಬಂದ ಡಾಕ್ಟರರು ಆ ಕೈ ಮುಟ್ಟಿದರು, ಹಾಳೆ ನೋಡಿದರು, ನರ್ಸನ್ನು ಕರೆಸಿ ಅದನ್ನು ಅವಳ ಕೈಗೆ ಕೊಟ್ಟರು. ಮುದುಕಿ ತೀರಿಕೊಂಡು ಮೂರು ತಾಸಾಗಿತ್ತು.

ನರ್ಸ್ ಮಂಚದ ಬದಿಗೆ ಕುಳಿತಳು. ಎಣಿಸಲು ಏನೂ ಇಲ್ಲದಿದ್ದರೂ ಗಡಿಯಾರ ನೋಡುತ್ತ ಆ ತಣ್ಣನೆಯ ಕೈಯನ್ನು ಪೂರ್ತಿ ಒಂದು ನಿಮಿಷ ಹಿಡಿದಳು. ಮುದುಕಿ ಕೇಳಿದ್ದು ಇಷ್ಟೇ ಅಲ್ಲವೇ ಎಂದು ಅತ್ತಳು. ಹಾಳೆಯ ಮೇಲಿನ ಅಂಕಿಯನ್ನು ಹೊಡೆದುಹಾಕಬಹುದಿತ್ತು. ಆ ಒಂದು ನಿಮಿಷವನ್ನು ಪಡೆದುಕೊಳ್ಳಲು ಮುದುಕಿ ಇರಲಿಲ್ಲ.

ಕತೆ ಮುಗಿಯಿತು. ಚಂಪಾವತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಂಥಾ ಕಲ್ಲು ಮನಸ್ಸಿನಾಕಿರಿ ಆಕಿ!" ಎಂದಳು.

ಅಜ್ಜನವರು ಮತ್ತೆ ಗಡಿಯಾರ ನೋಡಿದರು. ಎರಡಾಗಲು ಇನ್ನೂ ಇಪ್ಪತ್ತು ನಿಮಿಷವಿತ್ತು.

"ಎರಡು ಗಂಟೇದ ನಾಡಿ ಎಷ್ಟಂತ ಬರದು ಬಂದೀಯವ್ವಾ?"