ಹೆಸರಿಲ್ಲದ ಬಟನ್‌ಗಳು

"ಮೇಷ್ಟ್ರೇ, ಸಲಹೆಗಳು ರಾಶಿ ಬಿದ್ದಿವೆ. ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು?"

ಕೇಳಿದವನು ಲೋಹಿತ. ತಿಪ್ಪೇರುದ್ರಯ್ಯ ಮೇಷ್ಟ್ರ ಬಳಿ ನಾಲ್ಕು ವರ್ಷ ಪ್ರೋಗ್ರಾಮ್ ಬರೆಯುವುದನ್ನು ಕಲಿತಿದ್ದ. ಈಗ ಗೆಳೆಯರೊಂದಿಗೆ ಸೇರಿ ಕನ್ನಡದ ಲಿನಕ್ಸ್ ಡೆಸ್ಕ್‌ಟಾಪ್ ಒಂದನ್ನು ನೋಡಿಕೊಳ್ಳುತ್ತಿದ್ದ. ಬಳಸುವವರು ಬರೆದು ಕಳಿಸಿದ ಸಲಹೆಗಳನ್ನು ಓದಿ, ಇದು ಆಗಲಿ, ಇದು ಬೇಡ ಎಂದು ತೀರ್ಮಾನಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಮುನ್ನೂರ ನಲವತ್ತು ಸಲಹೆಗಳ ಪಟ್ಟಿ ಮಾಡಿಕೊಂಡು ಬಂದಿದ್ದ. ಹೆಚ್ಚು ಜನ ಒಪ್ಪಿದ್ದು ಮೇಲೆ, ಯಾರೂ ಒಪ್ಪದ್ದು ಕೆಳಗೆ.

ಮೇಷ್ಟ್ರು ಪಟ್ಟಿಯ ಮೊದಲ ಹಾಳೆ ನೋಡಿದರು. ಕೊನೆಯ ಹಾಳೆ ನೋಡಿದರು. ಮಡಿಸಿ ಅವನ ಕೈಗೇ ಕೊಟ್ಟರು.

"ಕೂತ್ಕೋ. ಒಂದು ಕತೆ ಹೇಳ್ತೀನಿ. ನಡುವೆ ಬಾಯಿ ಹಾಕಬೇಡ" ಎಂದರು.

ಒಂದು ತಾಲ್ಲೂಕಿನ ಊರಿನಲ್ಲಿ ಅರ್ಜಿ ಬರೆದುಕೊಡುವ ಹೆಂಗಸೊಬ್ಬಳಿದ್ದಳು. ತಾಲ್ಲೂಕು ಕಚೇರಿಯ ಎದುರಿಗೆ ಒಂದು ಜೆರಾಕ್ಸ್ ಅಂಗಡಿ. ಅದರ ಜಗಲಿಯ ಮೇಲೆ ಅವಳ ಮೇಜು, ಒಂದು ಹಳೆಯ ಲ್ಯಾಪ್‌ಟಾಪ್, ಒಂದು ಪ್ರಿಂಟರ್. ಅವಳಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಲ್ಯಾಪ್‌ಟಾಪಿನೊಳಗೆ ಓದಿ ಹೇಳುವ ಒಂದು ದನಿ ಇತ್ತು. ಪರದೆಯ ಮೇಲೆ ಏನು ಬರೆದಿದೆಯೋ ಅದನ್ನು ಆ ದನಿ ಅವಳಿಗೆ ಹೇಳುತ್ತಿತ್ತು. 'ಉಳಿಸು' ಎಂದರೆ ಉಳಿಸುವ ಬಟನ್, 'ಮುದ್ರಿಸು' ಎಂದರೆ ಮುದ್ರಿಸುವ ಬಟನ್. ಒಂದು ಕಿವಿಯನ್ನು ಆ ದನಿಗೆ ಕೊಟ್ಟು, ಇನ್ನೊಂದನ್ನು ಎದುರಿಗೆ ಕೂತವರಿಗೆ ಕೊಡುತ್ತಿದ್ದಳು.

ಜನ ಹುಡುಕಿಕೊಂಡು ಅವಳ ಬಳಿಯೇ ಬರುತ್ತಿದ್ದರು. ಕಾರಣ ಇತ್ತು. ಬೇರೆ ಟೈಪಿಸ್ಟರು ಬಂದವರ ಮುಖ ನೋಡಿ, ಬಟ್ಟೆ ನೋಡಿ, ಅರ್ಧ ಮಾತಿಗೇ ಗೊತ್ತಾಯ್ತು ಬಿಡು ಅನ್ನುತ್ತಿದ್ದರು. ಇವಳು ಕೊನೆಯ ಮಾತಿನವರೆಗೂ ಕೇಳುತ್ತಿದ್ದಳು. ಬೀದಿದೀಪ ಕೆಟ್ಟದ್ದಿರಲಿ, ಪಿಂಚಣಿ ನಿಂತದ್ದಿರಲಿ, ಕೇಳಿದ್ದನ್ನು ಒಂದು ಪುಟಕ್ಕೆ ಇಳಿಸಿ, ಓದಿ ಹೇಳಿ, ಕೈಗೆ ಕೊಡುತ್ತಿದ್ದಳು. ಆ ಮೇಜು ಅವಳ ಅನ್ನ. ಅನ್ನಕ್ಕಿಂತ ಹೆಚ್ಚಾಗಿ ಅದು ಅವಳ ಮಾನ. ಆ ಮೇಜಿನಿಂದಾಗಿ ಹನ್ನೊಂದು ವರ್ಷ ಯಾರ ಹಂಗಿಗೂ ಬೀಳದೆ ಬದುಕಿದ್ದಳು.

ಅವಳ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಲಿನಕ್ಸ್. ಅದರ ಡೆಸ್ಕ್‌ಟಾಪ್, ಅಂದರೆ ಪರದೆಯ ಮೇಲಿನ ಬಟನ್, ಕಿಟಕಿಗಳನ್ನೆಲ್ಲ, ಕಟ್ಟಿದವನು ಜಿಲ್ಲಾ ಪಟ್ಟಣದ ಒಬ್ಬ ಪ್ರೋಗ್ರಾಮರ್. ಒಳ್ಳೆಯವನೇ. ಯಾರಿಂದಲೂ ಬಿಡಿಗಾಸು ತೆಗೆದುಕೊಳ್ಳದೆ ಕಟ್ಟಿದ್ದ. ಬಳಸುವವರ ಮಾತು ಕೇಳಬೇಕು ಅನ್ನುವ ಬುದ್ಧಿಯೂ ಅವನಿಗಿತ್ತು. ಸಲಹೆ ಬರೆಯಲೆಂದೇ ಒಂದು ಪುಟ ತೆರೆದಿದ್ದ. ಆದರೆ ಆ ಪುಟಕ್ಕೆ ಬೇಡದ ಕಸವೂ ಬಂದು ಬೀಳುತ್ತಿತ್ತು. ಕೂದಲು ಬೆಳೆಸುತ್ತೇವೆ, ಹೊಟ್ಟೆ ಕರಗಿಸುತ್ತೇವೆ ಅನ್ನುವ ಜಾಹೀರಾತುಗಳು. ಯಂತ್ರಗಳು ಹಗಲೂ ರಾತ್ರಿ ತಂದು ಸುರಿಯುತ್ತಿದ್ದವು. ಅದಕ್ಕೆ ಅವನು ಬಾಗಿಲಲ್ಲೇ ಒಂದು ಪರೀಕ್ಷೆ ಇಟ್ಟ. ಒಂಬತ್ತು ಚಿತ್ರ ತೋರಿಸಿ, ಸೈಕಲ್ ಇರುವ ಚಿತ್ರಗಳನ್ನು ಮುಟ್ಟಿ ಅನ್ನುವುದು. ಸರಿಯಾಗಿ ಮುಟ್ಟಿದವರಿಗೆ ಮಾತ್ರ ಒಳಗೆ ಪ್ರವೇಶ. ಕಸ ನಿಂತಿತು. ಅವನಿಗೆ ನೆಮ್ಮದಿಯಾಯಿತು.

ಒಮ್ಮೆ ಒಂದು ಸಲಹೆಗೆ ಆರುನೂರ ಹನ್ನೆರಡು ಜನ ಕೈ ಎತ್ತಿದರು. ಬಟನ್‌ಗಳ ಕೆಳಗಿನ ಹೆಸರು ತೆಗೆಯಿರಿ, ಚಿತ್ರ ಇದ್ದರೆ ಸಾಕು, ಪರದೆ ಲಕ್ಷಣವಾಗಿ ಕಾಣುತ್ತದೆ ಎಂಬ ಸಲಹೆ. ಅಷ್ಟು ಕೈಗಳನ್ನು ಅವನು ಹಿಂದೆಂದೂ ನೋಡಿರಲಿಲ್ಲ. ತೆಗೆದೇಬಿಟ್ಟ. ಕಣ್ಣಿಗೆ ಕಾಣದಂತೆ ಮಾಡಿ, ಓದುವ ದನಿಗೆ ಮಾತ್ರ ಸಿಗುವಂತೆ ಹೆಸರುಗಳನ್ನು ಒಳಗೇ ಉಳಿಸಬಹುದಿತ್ತು. ಅದು ಅವನಿಗೆ ಹೊಳೆಯಲೇ ಇಲ್ಲ. ಬುಡಸಮೇತ ಕಿತ್ತ. ಆ ಹೆಸರುಗಳ ಮೊದಲ ಅಕ್ಷರ ಹಿಡಿದು ಕೀಲಿ ಒತ್ತುವ ಒಳದಾರಿಗಳಿದ್ದವು; ಅವೂ ಹೋದವು. ಪರದೆ ನಿಜಕ್ಕೂ ಲಕ್ಷಣವಾಯಿತು. ಜನ ಹೊಗಳಿದರು, ಅವನು ಉಬ್ಬಿದ. ಅವನ ಜಾಗದಲ್ಲಿ ನಾನಿದ್ದರೂ ಉಬ್ಬುತ್ತಿದ್ದೆ.

ಹೊಸದು ತಾನಾಗಿಯೇ ಎಲ್ಲರ ಕಂಪ್ಯೂಟರಿಗೂ ಇಳಿಯಿತು. ಅವಳದಕ್ಕೂ ಇಳಿಯಿತು.

ಆ ಸೋಮವಾರ ಒಬ್ಬ ಮುದುಕ ಬಂದು ಅವಳೆದುರು ಕೂತ. ಕಲ್ಲಿನ ಕ್ವಾರಿಯಲ್ಲಿ ಅವನ ಮಗ ಸತ್ತಿದ್ದ. ಪರಿಹಾರ ಕೇಳಿ ಅರ್ಜಿ ಹಾಕಬೇಕಿತ್ತು. ಆದದ್ದನ್ನು ಹೇಳಿ ಮುಗಿಸಲು ಅವನಿಗೆ ಒಂದು ಗಂಟೆ ಹಿಡಿಯಿತು. ನಿಲ್ಲಿಸುತ್ತಿದ್ದ, ಮೂಗು ಒರೆಸಿಕೊಳ್ಳುತ್ತಿದ್ದ, ಮತ್ತೆ ಹೇಳುತ್ತಿದ್ದ. ಅವಳು ಅವಸರ ಮಾಡಲಿಲ್ಲ. ಪೂರ್ತಿ ಬರೆದುಕೊಂಡು ಮುದ್ರಿಸಲು ಹೊರಟಳು. ದನಿ 'ಬಟನ್' ಎಂದಿತು. ಪಕ್ಕಕ್ಕೆ ಸರಿದಳು. 'ಬಟನ್.' ಮತ್ತೆ ಸರಿದಳು. 'ಬಟನ್.' ಹಳೆಯ ಅಭ್ಯಾಸದ ಮೇಲೆ ನಾಲ್ಕನೆಯದನ್ನು ಒತ್ತಿದಳು. ಹೊಸದರಲ್ಲಿ ಸಾಲು ಬದಲಾಗಿತ್ತು. 'ಈ ಪುಟವನ್ನು ಉಳಿಸದೆ ಮುಚ್ಚಬೇಕೇ?' ಎಂದು ದನಿ ಕೇಳಿತು. ಉತ್ತರಕ್ಕೆ ಎರಡು ಬಟನ್ ಇದ್ದವು. ಎರಡಕ್ಕೂ ಹೆಸರಿರಲಿಲ್ಲ. ಗಾಬರಿಯಲ್ಲಿ ಒಂದನ್ನು ಒತ್ತಿದಳು. ಬರೆದದ್ದೆಲ್ಲ ಹೋಯಿತು.

"ಅಜ್ಜಾ, ಅಳಿಸಿಹೋಯ್ತು. ತಪ್ಪು ನಂದೇ. ಇನ್ನೊಂದ್ಸಲ ಹೇಳ್ತೀಯಾ?" ಎಂದಳು.

"ಒಂದ್ಸಲ ಹೇಳೋಕೇ ಮೂರು ತಿಂಗಳು ಬೇಕಾಯ್ತು ಕಣವ್ವ. ಇನ್ನೊಂದ್ಸಲ ನನ್ ಕೈಲಾಗಲ್ಲ" ಎಂದು ಮುದುಕ ಎದ್ದು ಹೋದ.

ಅವನು ಬೈದಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಅಂದಿನಿಂದ ಕೆಲಸ ಕುಂಟತೊಡಗಿತು. ಪಕ್ಕದಲ್ಲಿ ಛಾಪಾ ಕಾಗದ ಮಾರುವವನೊಬ್ಬ ಕೂರುತ್ತಿದ್ದ. ಬಿಡುವಾದಾಗ ಬಂದು ಬಟನ್ ಒತ್ತಿಕೊಡುತ್ತಿದ್ದ. ಅವನಿಗೂ ಗಿರಾಕಿಗಳಿದ್ದರು. ಒಂದು ಅರ್ಜಿಗೆ ಹತ್ತು ಸಲ ಅವನನ್ನು ಕರೆಯುವಾಗ ಅವಳು ನಾಚಿಕೆಯಿಂದ ಹಿಡಿಯಾಗುತ್ತಿದ್ದಳು. ಕಾದು ಬೇಸತ್ತ ಜನ ಬೇರೆ ಟೈಪಿಸ್ಟರ ಕಡೆ ನಡೆದರು. ಜೆರಾಕ್ಸ್ ಅಂಗಡಿಯವನು ಕೆಟ್ಟವನಲ್ಲ. ಆದರೆ ಅವನಿಗೆ ಆ ಜಗಲಿಯ ಮೇಲೆ ಜನ ಬೇಕಿತ್ತು. ಇನ್ನೊಂದು ತಿಂಗಳು ನೋಡುತ್ತೇನೆ, ಆಮೇಲೆ ಆ ಜಾಗ ಬೇರೆಯವರಿಗೆ ಎಂದು ಹೇಳಿಬಿಟ್ಟ.

ಸರಿ, ಸಲಹೆ ಬರೆಯೋಣ ಎಂದುಕೊಂಡಳು. ಊರಿನವರ ಅರ್ಜಿಗಳನ್ನೆಲ್ಲ ಬರೆದವಳು ತನ್ನದೊಂದನ್ನು ಬರೆಯಲಾರಳೇ? ಪುಟ ತೆರೆದಳು. ದನಿ ಓದಿತು: 'ಸೈಕಲ್ ಇರುವ ಚಿತ್ರಗಳನ್ನು ಮುಟ್ಟಿ.' ಆಮೇಲೆ 'ಚಿತ್ರ, ಚಿತ್ರ, ಚಿತ್ರ' ಎಂದು ಒಂಬತ್ತು ಸಲ ಹೇಳಿತು. ಅಂದಾಜಿನ ಮೇಲೆ ಮುಟ್ಟಿದಳು. ತಪ್ಪು, ಮತ್ತೆ ಪ್ರಯತ್ನಿಸಿ ಎಂದಿತು. ಆ ದಿನ ಇಪ್ಪತ್ತು ಸಲ ಮುಟ್ಟಿದಳು. ಮರುದಿನವೂ ಮುಟ್ಟಿದಳು. ನಗಬೇಡ ಲೋಹಿತ, ಅವಳು ಅತ್ತಿದ್ದಳು.

ಕೊನೆಗೆ ಛಾಪಾ ಕಾಗದದವನೇ ಸೈಕಲ್ ಹುಡುಕಿ ಬಾಗಿಲು ದಾಟಿಸಿದ. ಅವಳು ಹೇಳಿದಳು, ಅವನು ಬರೆದ: 'ಬಟನ್‌ಗಳಿಗೆ ಹೆಸರಿಲ್ಲ. ಕೆಲಸ ನಿಂತಿದೆ. ದಯವಿಟ್ಟು ಸರಿಪಡಿಸಿ.' ತನಗೆ ಕಣ್ಣು ಕಾಣದು ಎಂದು ಅವಳು ಬರೆಸಲಿಲ್ಲ. ಅಯ್ಯೋ ಪಾಪ ಎಂದು ಯಾರಾದರೂ ಮಾಡಿಕೊಡುವ ಕೆಲಸ ಅವಳಿಗೆ ಬೇಕಿರಲಿಲ್ಲ. ಹೆಸರು ಇಲ್ಲದಿರುವುದು ತಪ್ಪು, ತಪ್ಪನ್ನು ತಿದ್ದಲಿ ಎಂದಷ್ಟೇ ಅವಳ ವಾದ. ಅದನ್ನು ಜಂಬ ಅನ್ನುವುದಾದರೆ ನೀನು ಅನ್ನು. ನಾನು ಅನ್ನುವುದಿಲ್ಲ.

ಪ್ರೋಗ್ರಾಮರ್ ಮರುದಿನವೇ ಉತ್ತರ ಕೊಟ್ಟ. ಪರದೆಯ ಚಿತ್ರ ಕಳಿಸಿ ಎಂದು ಕೇಳಿದ. ಚಿತ್ರ ಹೋಯಿತು. ಅದರಲ್ಲಿ ಎಲ್ಲ ಬಟನ್‌ಗಳೂ ಸಾಲಾಗಿ, ಸೊಗಸಾಗಿ ಕೂತಿದ್ದವು. 'ನೋಡಿದೆ. ಚೆನ್ನಾಗಿಯೇ ಇದೆ' ಎಂದು ಬರೆದು ಅವನು ಆ ಸಲಹೆಯನ್ನು ಮುಚ್ಚಿದ. ಅದಕ್ಕೆ ಕೈ ಎತ್ತಿದವನು ಒಬ್ಬನೇ ಒಬ್ಬ. ಅವನೂ ಛಾಪಾ ಕಾಗದದವನೇ.

ಪ್ರೋಗ್ರಾಮರ್ ವರ್ಷಕ್ಕೊಮ್ಮೆ ಬಳಸುವವರ ಸಭೆ ಕರೆಯುತ್ತಿದ್ದ. ಆ ವರ್ಷದ ಸಭೆ ಜಿಲ್ಲಾ ಪಟ್ಟಣದ ಕಾಲೇಜೊಂದರಲ್ಲಿ, ಭಾನುವಾರ. ಅವಳು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಒಬ್ಬಳೇ ಹೊರಟಳು. ಆ ಪಟ್ಟಣಕ್ಕೆ ಅವಳು ಒಬ್ಬಳೇ ಹೋದದ್ದು ಅದೇ ಮೊದಲು. ಎರಡು ಬಸ್ಸು ಬದಲಿಸಿದಳು. ಒಂದು ಕಡೆ ತಪ್ಪು ನಿಲ್ದಾಣದಲ್ಲಿ ಇಳಿದು, ಬಿಸಿಲಲ್ಲಿ ಅರ್ಧ ಗಂಟೆ ನಿಂತಳು. ಯಾರೋ ಪುಣ್ಯಾತ್ಮರು ಕಾಲೇಜಿನ ಗೇಟಿನವರೆಗೆ ಬಿಟ್ಟರು. ಅವಳು ಒಳಗೆ ಹೋಗುವ ಹೊತ್ತಿಗೆ ಸಭೆ ಶುರುವಾಗಿತ್ತು. ಕೋಲು ಮಡಿಸಿ ಚೀಲದಲ್ಲಿಟ್ಟು, ಕೊನೆಯ ಬೆಂಚಿನಲ್ಲಿ ಕೂತಳು.

ಸಭೆಯಲ್ಲಿ ಸಲಹೆಗಳು ಸುರಿಯುತ್ತಿದ್ದವು. ಗಡಿಯಾರ ಬಲಕ್ಕಿರಲಿ ಎಂದ ಒಬ್ಬ. ಎಡಕ್ಕಿದ್ದರೇ ಚೆಂದ ಎಂದ ಇನ್ನೊಬ್ಬ. ಹಿನ್ನೆಲೆಗೆ ಹೊಸ ಚಿತ್ರಗಳು ಬೇಕು, ಕಿಟಕಿ ಮುಚ್ಚಿದಾಗ ಅದು ಬೆಣ್ಣೆಯ ಹಾಗೆ ಕರಗಬೇಕು ಎಂದರು. ಪ್ರೋಗ್ರಾಮರ್ ವೇದಿಕೆಯ ಮೇಲೆ ನಿಂತು ಎಲ್ಲವನ್ನೂ ಬರೆದುಕೊಂಡ. ಹೀಗೆ ಮೈಕು ಕೈಯಿಂದ ಕೈಗೆ ಸಾಗಿ ಕೊನೆಯ ಬೆಂಚಿಗೆ ಬಂತು. ಅವಳು ಲ್ಯಾಪ್‌ಟಾಪ್ ತೆರೆದು, ಮೈಕನ್ನು ಅದರ ಬಾಯಿಗೆ ಹಿಡಿದಳು. ಒಂದೊಂದೇ ಕೀಲಿ ಒತ್ತಿದಳು.

ಬಟನ್. ಬಟನ್. ಬಟನ್. ಬಟನ್.

ಇಡೀ ಸಭೆ ಗೊಳ್ಳೆಂದು ನಕ್ಕಿತು. ಪ್ರೋಗ್ರಾಮರನೂ ನಕ್ಕ. ನಗುತ್ತಲೇ ಅವಳ ಕಡೆ ನೋಡಿದ. ಅವಳು ಅವನ ಕಡೆ ನೋಡುತ್ತಿರಲಿಲ್ಲ. ಮುಖವನ್ನು ಪಕ್ಕದ ಗೋಡೆಯ ಕಡೆ ತಿರುಗಿಸಿ, ನಗು ನಿಲ್ಲಲೆಂದು ಕಾಯುತ್ತಿದ್ದಳು. ಅವನಿಗೆ ಅರ್ಥವಾಯಿತು. ಅವನ ನಗು ನಿಂತಿತು. ಅದನ್ನು ನೋಡಿ ಉಳಿದವರ ನಗುವೂ ನಿಂತಿತು.

"ಅಮ್ಮಾ, ಒಂದು ಮಾತು ನಮಗೆ ಬರೀಬಹುದಿತ್ತಲ್ಲ" ಎಂದ.

"ಬರೆಯೋಕೆ ಬಂದೆ. ಸೈಕಲ್ ಯಾವುದು ಅಂತ ಕೇಳಿದ್ರಿ. ಯಾರ್ಯಾರನ್ನೋ ಹಿಡಿದು ಒಳಗೆ ಬಂದೆ. ಫೋಟೋ ಕಳಿಸಿ ಅಂದ್ರಿ. ಕಳಿಸಿದೆ. ಚೆನ್ನಾಗಿದೆ ಅಂದ್ರಿ" ಎಂದಳು.

ಅವನಿಗೆ ನೆನಪಾಯಿತು. ಬೆಳಗಿನ ಕಾಫಿ ಕುಡಿಯುತ್ತ, ಅರ್ಧ ನಿಮಿಷದಲ್ಲಿ ಅವನು ಆ ಸಲಹೆಯನ್ನು ಮುಚ್ಚಿದ್ದ. ಈಗ ಅಷ್ಟು ಜನರ ಎದುರು ಎಲ್ಲಿ ನೋಡಬೇಕೆಂದು ತಿಳಿಯದೆ ತನ್ನ ಕೈಯಲ್ಲಿದ್ದ ಹಾಳೆಯನ್ನೇ ನೋಡುತ್ತ ನಿಂತ. ಹಾಳೆಯಲ್ಲಿ ಗಡಿಯಾರ, ಬೆಣ್ಣೆ ಎಂದೆಲ್ಲ ಬರೆದಿತ್ತು.

ಮರುದಿನ ಬೆಳಿಗ್ಗೆ ತನ್ನ ಪರದೆಯನ್ನು ಆಫ್ ಮಾಡಿದ. ದನಿಯೊಂದನ್ನೇ ಹಿಡಿದುಕೊಂಡು, ತಾನೇ ಕಟ್ಟಿದ್ದರಲ್ಲಿ ಒಂದು ಕಾಗದ ಬರೆಯಲು ಕೂತ. ಮಧ್ಯಾಹ್ನದ ಊಟದ ಹೊತ್ತಾದರೂ ಅದನ್ನು ಉಳಿಸಲು ಅವನಿಂದ ಆಗಲಿಲ್ಲ. ತನ್ನ ಮನೆಯಲ್ಲೇ ದಾರಿ ತಪ್ಪಿದವನಂತೆ ಕಂಗಾಲಾದ. ಆಮೇಲೆ ಹನ್ನೊಂದು ದಿನ ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಪ್ರತಿ ಬಟನ್‌ಗೂ ಹೆಸರು ಮರಳಿಸಿದ, ಕಣ್ಣಿಗೆ ಕಾಣದಂತೆ, ಕಿವಿಗೆ ಕೇಳುವಂತೆ. ಒಳದಾರಿಗಳನ್ನೂ ಮರಳಿಸಿದ. ಸೈಕಲ್ ಪರೀಕ್ಷೆಯನ್ನು ಕಿತ್ತುಹಾಕಿದ. ಕಸ ಮತ್ತೆ ಬಂದು ಬೀಳತೊಡಗಿತು. ಕೂತು ಕೈಯಾರೆ ಗುಡಿಸಿದ.

ಅಂಗಡಿಯವನು ಕೊಟ್ಟ ಗಡುವಿಗೆ ಮೂರು ದಿನ ಉಳಿದಿತ್ತು. ಅವಳ ಕಿವಿಯಲ್ಲಿ ದನಿ 'ಮುದ್ರಿಸು' ಎಂದಿತು. ಅವಳು ನಂಬದೆ ಹಿಂದಕ್ಕೆ ಸರಿದು ಇನ್ನೊಮ್ಮೆ ಹೇಳಿಸಿದಳು. ಮತ್ತೂ ಒಮ್ಮೆ ಹೇಳಿಸಿದಳು. ಮೇಜು ಉಳಿಯಿತು. ಬಿಟ್ಟುಹೋದವರಲ್ಲಿ ಕೆಲವರು ತಿರುಗಿ ಬಂದರು. ಆ ಮುದುಕ ಬರಲಿಲ್ಲ. ಹುಡುಕಿಸೋಣವೆಂದರೆ ಅವನ ಹೆಸರು, ಊರು ಇದ್ದದ್ದು ಅಳಿಸಿಹೋದ ಪುಟದಲ್ಲಿ. ದಿನಕ್ಕೆ ಹತ್ತಾರು ಜನರ ಹೆಸರು ಬರೆಯುವವಳು ಅವಳು. ಅವನು ಅತ್ತದ್ದು ಅವಳಿಗೆ ನೆನಪಿತ್ತು, ಊರು ನೆನಪಿರಲಿಲ್ಲ.

ಮೇಷ್ಟ್ರು ಕತೆ ಮುಗಿಸಿದರು.

ಲೋಹಿತ ಕೈಯಲ್ಲಿದ್ದ ಪಟ್ಟಿಯನ್ನು ಬಿಡಿಸಿದ, ಮತ್ತೆ ಮಡಿಸಿದ. ಅವಳ ಬಗ್ಗೆ ಅವನಿಗೆ ಮರುಕ ಹುಟ್ಟಿತ್ತು. ಆದರೆ ಮುನ್ನೂರ ನಲವತ್ತು ಸಲಹೆಗಳು ಅವನ ತಲೆಯಿಂದ ಇಳಿದಿರಲಿಲ್ಲ.

"ಮೇಷ್ಟ್ರೇ, ಅವನು ಮಾಡಿದ್ದು ಒಳ್ಳೇದೇ, ಇಲ್ಲ ಅನ್ನಲ್ಲ. ಆದರೆ ಅಷ್ಟು ಜನ ಕಾಯ್ತಾ ಇರುವಾಗ, ಒಬ್ಬಳಿಗೋಸ್ಕರ ಹನ್ನೊಂದು ದಿನ ಎಲ್ಲಾ ಕೆಲಸ ನಿಲ್ಲಿಸೋದು ಸರೀನಾ?"

"ಒಬ್ಬಳು ಅಂತ ನಾನೆಲ್ಲಿ ಹೇಳಿದೆ? ಬಸ್ಸು ಹತ್ತಿ ಬಂದವಳು ಒಬ್ಬಳು" ಎಂದರು ಮೇಷ್ಟ್ರು.