ಇನ್ನೊಮ್ಮೆ ಹೇಳಿ ಎಂದವಳು

"ಗುರುಗಳೇ, ಹಿಡಿದ ಕಸುಬೇ ಇನ್ನೂ ಪೂರ್ತಿ ಕೈಗೆ ಹತ್ತಿಲ್ಲ. ಅದರ ನಡುವೆ ಬೇರೊಂದು ವಿದ್ಯೆಗೆ ತೊಡಗಿದರೆ ಎರಡು ದೋಣಿಯಲ್ಲಿ ಕಾಲಿಟ್ಟಂತೆ ಆಗುವುದಿಲ್ಲವೇ?" ಎಂದು ಶಿಷ್ಯ ಕೇಳಿದ.

"ದೋಣಿಯ ಮಾತೆತ್ತಿದೆ. ದೋಣಿಯ ಕತೆಯನ್ನೇ ಕೇಳು" ಎಂದು ಗುರುಗಳು ಹೇಳತೊಡಗಿದರು.

ನಾರ್ವೆ ದೇಶದ ಒಂದು ಬಂದರಿನಲ್ಲಿ ವೈಜಯಂತಿ ಎಂಬ ಸಾಫ್ಟ್‌ವೇರ್ ಡೆವಲಪರ್ ಇದ್ದಳು. ಕಡಲಿಗೆ ಹೋದ ಮೀನುದೋಣಿಗಳು ಎಲ್ಲಿವೆಯೆಂದು ಬಂದರಿನ ಕಾವಲುಕೋಣೆಗೆ ಪರದೆಯ ಮೇಲೆ ತೋರಿಸುವ ಪ್ರೋಗ್ರಾಂ ಅವಳದು. ಬಲು ಚುರುಕು. ಯಾರಾದರೂ ತೊಂದರೆ ಹೇಳಲು ಬಾಯಿ ತೆರೆದರೆ ಸಾಕು, ಅರ್ಧ ಮಾತಿಗೇ ಇಂಗ್ಲಿಷಿನಲ್ಲಿ 'ತಿಳಿಯಿತು' ಎಂದು ಕೋಡ್ ತಿದ್ದಲು ಕೂರುತ್ತಿದ್ದಳು. ತಿದ್ದಿದ್ದೂ ಬೇಗ, ಅದೇ ದೂರು ತಿರುಗಿ ಬರುತ್ತಿದ್ದುದೂ ಬೇಗ.

ಊಟದ ಹೊತ್ತಿನಲ್ಲಿ ಅಲ್ಲಿಯವರು ತಮ್ಮ ಮಾತಿನಲ್ಲಿ ಹರಟಿ ನಗುತ್ತಿದ್ದರು. ಆ ನಗುವಿನಲ್ಲಿ ತಾನೂ ಸೇರಬೇಕೆಂದು ಅವಳಿಗೆ ಆಸೆಯಾಯಿತು. ನಾರ್ವೇಜಿಯನ್ ಕಲಿಯಲು ತೊಡಗಿದಳು. ಹುಚ್ಚು ಹಿಡಿದಂತೆ ಕಲಿತಳು. ಬಸ್ಸಿನ ಫಲಕ ಓದಿದರೂ ಹಿಗ್ಗು, ಅಂಗಡಿಯಲ್ಲಿ ರೊಟ್ಟಿ ಕೇಳಿ ಪಡೆದರೂ ಹಿಗ್ಗು. ನನ್ನೊಡನೆ ಯಾರೂ ಇಂಗ್ಲಿಷ್ ಆಡಬೇಡಿ ಎಂದು ಕಚೇರಿಗೆಲ್ಲ ಹೇಳಿಬಿಟ್ಟಳು. ಅವಳ ಬಾಯಲ್ಲಿ ಸದಾ ಒಂದೇ ಮಾತು: 'ಎನ್ ಗಾಂಗ್ ತಿಲ್.' ಹಾಗೆಂದರೆ, ಇನ್ನೊಮ್ಮೆ ಹೇಳಿ.

ಒಂದು ಮುಂಜಾನೆ ಕಡಲ ಮೇಲೆ ದಟ್ಟ ಮಂಜು ಇಳಿಯಿತು. ಕಾವಲುಕೋಣೆಯ ಸಿಗ್ರಿಡ್ ಎಂಬ ಹೆಂಗಸು ವೈಜಯಂತಿಯ ಕಚೇರಿಗೆ ಫೋನ್ ಮಾಡಿ ತನ್ನ ಭಾಷೆಯಲ್ಲೇ ಕೂಗಿಕೊಂಡಳು. ದೋಣಿಗಳು ಪರದೆಯಿಂದ ಮಾಯವಾಗಿದ್ದವು.

ಜೊತೆಯವರು, ಸರ್ವರ್ ಕೆಟ್ಟಿದೆ, ಎಲ್ಲವನ್ನೂ ನಿಲ್ಲಿಸಿ ಮತ್ತೆ ಶುರುಮಾಡೋಣ ಎಂದು ಎದ್ದರು. ಇಂಗ್ಲಿಷಿನಲ್ಲಿ ಕೇಳಿದ್ದರೆ ವೈಜಯಂತಿಯೂ ಎದ್ದುಬಿಡುತ್ತಿದ್ದಳು. ಆದರೆ ಅವಳಿಗೆ ಮಾತು ಪೂರ್ತಿ ತಿಳಿದಿರಲಿಲ್ಲ. ಕೈ ಎತ್ತಿ ಎಲ್ಲರನ್ನೂ ತಡೆದು ಫೋನಿಗೆ ಬಾಗಿದಳು.

"ಇನ್ನೊಮ್ಮೆ ಹೇಳಿ. ಒಂದು ದೋಣಿಯೂ ಕಾಣುತ್ತಿಲ್ಲವೇ?"

"ಹೊರಗೆ ಹೋಗುವವು ಕಾಣುತ್ತಿವೆ. ಮರಳಿ ಬರುತ್ತಿರುವವು ಇಲ್ಲ!"

ವೈಜಯಂತಿಗೆ ಹಿಂದಿನ ದಿನ ತಾನೇ ಸೇರಿಸಿದ ಕೋಡಿನ ಸಾಲು ನೆನಪಾಯಿತು. ಬಂದರಿನತ್ತ ಮುಖ ತಿರುಗಿಸಿದ ದೋಣಿಯನ್ನೆಲ್ಲ ಅದು ದಡ ಸೇರಿತೆಂದೇ ಭಾವಿಸಿ ಅಳಿಸುತ್ತಿತ್ತು. ಕೂಡಲೇ ಆ ಸಾಲನ್ನು ತೆಗೆದಳು.

"ಬಂತು! ಇನ್ನೊಂದು ಬಂತು!" ಎಂದು ಸಿಗ್ರಿಡ್ ಕಿರುಚಿದಳು. ಹಾಗೆ ಕಂಡ ಒಂದು ದೋಣಿ ನೇರ ಬಂಡೆಗಳತ್ತ ಸಾಗುತ್ತಿತ್ತು. ಅವಳು ರೇಡಿಯೊದಲ್ಲಿ ಅದರ ಹೆಸರು ಹಿಡಿದು ಕೂಗಿದಳು. ದೋಣಿ ದಿಕ್ಕು ಬದಲಿಸಿತು. ಕಚೇರಿಯವರು ಕುರ್ಚಿ ಬಿಟ್ಟೆದ್ದು ಕುಣಿದರು. ಫೋನಿನಲ್ಲಿ ಸಿಗ್ರಿಡ್ ಅಳುತ್ತಲೂ ನಗುತ್ತಲೂ ಏನೇನೋ ಹೇಳುತ್ತಿದ್ದಳು. ವೈಜಯಂತಿಗೆ ಅದರಲ್ಲಿ ಅರ್ಧವೂ ತಿಳಿಯಲಿಲ್ಲ. ಆದರೂ ಎಲ್ಲರಿಗಿಂತ ಜೋರಾಗಿ ನಕ್ಕಳು.

"ಅಂದಿನಿಂದ ಅವಳ ಕೆಲಸದಲ್ಲಿ..." ಎಂದು ಗುರುಗಳು ಮುಂದುವರಿಸುವಷ್ಟರಲ್ಲಿ ಶಿಷ್ಯ ಉತ್ಸಾಹ ತಡೆಯಲಾರದೆ ಎದ್ದು ನಿಂತ.

"ತಿಳಿಯಿತು ಗುರುಗಳೇ! ನಾಳೆಯೇ ನಾನೂ ಒಂದು ಹೊಸ ಭಾಷೆ ಕಲಿಯಲು ಹೊರಡುತ್ತೇನೆ!"

"ಕಲಿಯಪ್ಪಾ," ಎಂದರು ಗುರುಗಳು, "ಕನ್ನಡ ನಿನಗೆ ತೀರ ಚೆನ್ನಾಗಿ ಬರುತ್ತದೆ, ಅರ್ಧ ಮಾತಿಗೇ ತಿಳಿದುಬಿಡುತ್ತದೆ."

ಶಿಷ್ಯ ಮತ್ತೆ ಕುಳಿತು, "ಇನ್ನೊಮ್ಮೆ ಹೇಳಿ ಗುರುಗಳೇ" ಎಂದ.