ಅಜ್ಜ ಸವೆಸಿದ ಹಿಡಿಕೆ

ದೇಸಾಯರ ಅಜ್ಜನ ಕಾಲದ ಮೋಟಾರು ಹೊಸ ಬಣ್ಣ ಬಳಿದುಕೊಂಡು ಮದುಮಗಳ ಹಾಗೆ ನಿಂತಿತ್ತು. ಒಂದು ಬಾಗಿಲಿಗೆ ಮಾತ್ರ ಹಿತ್ತಾಳೆಯ ಹಿಡಿಕೆ ಇರಲಿಲ್ಲ. ಲೇತ್ ಕೆಲಸದ ದಾದಾಪೀರ್ ಉಳಿದವುಗಳ ಅಳತೆ ಹಿಡಿದು ತದ್ರೂಪ ಮಾಡಿಕೊಟ್ಟ. ದೇಸಾಯರು ಅದನ್ನು ಅಂಗಳಕ್ಕೆ ಎಸೆದರು.

"ನಿನ್ನೆ ಹುಟ್ಟಿದ್ದು ಯಾರಿಗೆ ಬೇಕೋ? ನಮ್ಮಜ್ಜ ಹಿಡಿದು ಹಿಡಿದು ಸವೆಸಿದ್ದು ಹುಡುಕಿ ತಾ. ಇಲ್ಲಂದ್ರ ನಿನ್ನ ಅಂಗಡಿ ಎತ್ತಿಸ್ತೀನಿ."

ದಾದಾಪೀರ್ ಎಸೆದದ್ದನ್ನೇ ಎತ್ತಿಕೊಂಡು ಹೋದ. ಊರ ಮಂದಿಯೆಲ್ಲ ಅವಸರದಿಂದ ಎಳೆಯುವ ಒಂದು ಬಾಗಿಲಿಗೆ ಅದನ್ನು ಕೂರಿಸಿದ. ಆರು ತಿಂಗಳ ಮೇಲೆ ಬಿಚ್ಚಿ, ಮೂರು ಸಲ ಸೋಪು ಹಾಕಿ ತೊಳೆದು, ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಂದ.

ಅಂದು ದೇಸಾಯರ ಮನೆ ತುಂಬ ನೆಂಟರು. ದೇಸಾಯರು ಸವೆದ ಕಡೆ ಬೆರಳಾಡಿಸಿ ಹಿಡಿಕೆಯನ್ನು ಕಣ್ಣಿಗೊತ್ತಿಕೊಂಡರು. "ನೋಡ್ರಿ, ಅಜ್ಜನ ಕೈ. ಈ ಹೊಳಪು ಕಂಡಕಂಡವರ ಕೈಗೆ ಬರೂದಿಲ್ಲ. ಎಲ್ಲಿತ್ತೋ ಇದು?"

ದಾದಾಪೀರ್ ಅವರ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದ. "ಅವತ್ತು ನೀವು ಅಂಗಳಕ್ಕ ಒಗೆದದ್ದ ಇದು, ಧಣೇರ. ಬಸ್ ಸ್ಟ್ಯಾಂಡ್ ಪಾಯಖಾನಿ ಬಾಗಿಲಿಗಿತ್ತು."

ನೆಂಟರ ಮುಂದೆ ದೇಸಾಯರು ಹಿಡಿಕೆಯನ್ನು ಎರಡೇ ಬೆರಳಲ್ಲಿ ಹಿಡಿದು, ಮೋಟಾರಿಗೆ ಕೂರಿಸಲು ಅವನ ಕೈಗೇ ಕೊಟ್ಟರು.

ಮೋಟಾರು ನೋಡಲು ಬಂದವರಿಗೆ ದೇಸಾಯರು ಇಂದಿಗೂ ಮೊದಲು ತೋರಿಸುವುದು ಆ ಹಿಡಿಕೆಯನ್ನೇ. ಆ ಬಾಗಿಲು ತೆಗೆಯುವವನು ಮಾತ್ರ ಡ್ರೈವರ್.